ಎಡಗಡೆಯ ಸ್ಟೂಲು

"ತುಟಿ ಅಲ್ಲಾಡ್ತೋ, ನಾಳೆಯಿಂದ ಮತ್ತೆ ಆ ಸ್ಟೂಲೇ ಗತಿ. ತಿಳೀತಾ?" ಎಂದ ಅಪ್ಪ, ಕನ್ನಡಿಯ ಮುಂದೆ ಕೆನ್ನೆಗೆ ಬಣ್ಣ ಮೆತ್ತಿಕೊಳ್ಳುತ್ತಾ.

ಮಗಳು ತುಟಿ ಬಿಗಿದುಕೊಂಡೇ ತಲೆಯಾಡಿಸಿದಳು. ಮನೆಕೆಲಸದವಳ ಪಾತ್ರ ಮಾಡುತ್ತಿದ್ದ ಹೆಂಗಸು ಕಾಲು ಉಳುಕಿಸಿಕೊಂಡಿದ್ದರಿಂದ ಒದಗಿಬಂದ ಅವಕಾಶ. ಇಡೀ ನಾಟಕಕ್ಕೆ ಒಂದೇ ಒಂದು ಮಾತು: "ಗಾಡಿ ಬಾಗಿಲಿಗೆ ಬಂದಿದೆ, ಅಮ್ಮಾವ್ರೇ." ಅಷ್ಟಕ್ಕೇ ಅವಳಿಗೆ ಮೂರು ದಿನದಿಂದ ಊಟ ಸೇರಿರಲಿಲ್ಲ. ನಾಟಕದವರ ಮನೆಯಲ್ಲಿ ಹುಟ್ಟಿ, ವೇಷದ ಪೆಟ್ಟಿಗೆಯಲ್ಲಿ ಮಲಗಿ ಬೆಳೆದು, ಹತ್ತೊಂಬತ್ತು ತುಂಬಿದರೂ ಜನರ ಮುಂದೆ ಒಮ್ಮೆಯೂ ನಿಂತವಳಲ್ಲ.

ಅದಕ್ಕೆ ಕಾರಣ ಅಮ್ಮನ ಕಿವಿ. ಅಮ್ಮ ಕಂಪನಿಯ ನಾಯಕಿ. ಬಾಯಿ ಬಲು ಜೋರು, ಕಿವಿ ಮಾತ್ರ ಮಂದ. ಮರೆತ ಮಾತನ್ನು ಪಕ್ಕದಿಂದ ಪಿಸುಗುಟ್ಟಿದರೆ ಮೂರನೇ ಸಾಲಿನಲ್ಲಿ ಕೂತವರಿಗೆ ಕೇಳಿಸುತ್ತಿತ್ತೇ ಹೊರತು ಅವಳಿಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಎಂಟನೇ ವಯಸ್ಸಿನಿಂದ ಮಗಳು ರಂಗದ ಎಡಗಡೆ, ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ನಾಟಕವನ್ನೆಲ್ಲ ದನಿಯಿಲ್ಲದೆ ತುಟಿಯಲ್ಲೇ ಹೇಳುತ್ತಿದ್ದಳು. ಅಮ್ಮ ಓರೆಗಣ್ಣಲ್ಲಿ ಆ ತುಟಿ ಓದಿಕೊಂಡು ಚಪ್ಪಾಳೆ ಗಿಟ್ಟಿಸುತ್ತಿದ್ದಳು. ಹುಡುಗಿಗೆ ಮಾತ್ರ ಕೆಟ್ಟ ಚಾಳಿ ಅಂಟಿಕೊಂಡಿತ್ತು. ಮನಸ್ಸಿನಲ್ಲಿ ಏನು ಓಡಿದರೂ ತುಟಿ ಅಲ್ಲಾಡುತ್ತಿತ್ತು.

ಇವತ್ತು ಸ್ಟೂಲಿನ ಮೇಲೆ ಸೋದರಮಾವ. "ಬಾಯಾಡ್ಸೋದೇನು ಮಹಾ ವಿದ್ಯೆನಾ?" ಎಂದು ಮೀಸೆ ತಿರುವಿ ಕೂತಿದ್ದ. ಇಪ್ಪತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಅದು.

ಕೊನೆಯ ದೃಶ್ಯದವರೆಗೆ ಎಲ್ಲ ಸುಸೂತ್ರ. ಗಂಡನ ಪಾತ್ರದ ಅಪ್ಪ ಕುರ್ಚಿಯಲ್ಲಿ ಪೇಪರ್ ಹಿಡಿದು, "ಈ ಮನೆ ಬಿಟ್ಟರೆ ನಿನ್ನನ್ನು ಕೇಳೋರು ಯಾರಿದ್ದಾರೆ?" ಎಂದು ಗುಡುಗಿದ. ಸೂಟ್‌ಕೇಸ್ ಪಕ್ಕ ನಿಂತ ಅಮ್ಮ ಅದಕ್ಕೆ ತಕ್ಕ ಉತ್ತರ ಕೊಡಬೇಕು. ಜನ ಟಿಕೆಟ್ ಕೊಳ್ಳುವುದೇ ಆ ಉತ್ತರ ಕೇಳಲು. ಆಮೇಲೆ ಮಗಳ ಗಾಡಿ ಬರಬೇಕು, ಅಮ್ಮ ಹೊರಡಬೇಕು, ಪರದೆ ಬೀಳಬೇಕು.

ಅಮ್ಮ ಮರೆತಳು. ಅಭ್ಯಾಸಬಲದಿಂದ ಕಣ್ಣು ಎಡಗಡೆಗೆ ಹೋಯಿತು. ಅಲ್ಲಿ ಮಾವ ಜೀವ ಹೋಗುವವನ ಹಾಗೆ ಬಾಯಾಡಿಸುತ್ತಿದ್ದ, ಆದರೆ ಕಾಣಿಸುತ್ತಿದ್ದದ್ದು ಮೀಸೆಯ ಕುಣಿತವಷ್ಟೇ. ಗಾಬರಿಬಿದ್ದ ಕಣ್ಣು ರಂಗವನ್ನೆಲ್ಲ ಸುತ್ತಿ, ಟ್ರೇ ಹಿಡಿದು ನಿಂತಿದ್ದ ಮಗಳ ಮುಖಕ್ಕೆ ಬಂದು ನಿಂತಿತು. ಪಾಪ, ಆ ಹುಡುಗಿ ಸರದಿ ಹತ್ತಿರ ಬಂತೆಂದು ತನ್ನ ಮಾತನ್ನೇ ಮನಸ್ಸಿನಲ್ಲಿ ಜಪಿಸುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು.

ಅಮ್ಮನ ಮುಖ ಅರಳಿತು. ಎದೆ ಉಬ್ಬಿಸಿ, ಕಟ್ಟಕಡೆಯ ಸಾಲಿಗೂ ಮುಟ್ಟುವಂತೆ ಸಾರಿದಳು: "ಗಾಡಿ ಬಾಗಿಲಿಗೆ ಬಂದಿದೆ, ಅಮ್ಮಾವ್ರೇ!"

ಅಪ್ಪನ ಕೈಯಿಂದ ಪೇಪರ್ ಜಾರಿತು. ಮಗಳಿಗೆ ಅಳುವೇ ಬಂತು. ಇದ್ದದ್ದು ಒಂದು ಮಾತು, ಅದನ್ನೂ ಹೆತ್ತ ತಾಯಿಯೇ ಹೊಡೆದುಕೊಂಡಳಲ್ಲ! ಸಭೆ ಕಾಯುತ್ತಿತ್ತು. ಇನ್ನು ಉಳಿದದ್ದು ಅಮ್ಮನ ಮಾತೊಂದೇ. ಅದನ್ನು ಮಗಳು ಹನ್ನೊಂದು ವರ್ಷದಿಂದ ದನಿಯಿಲ್ಲದೆ ಹೇಳುತ್ತಾ ಬಂದಿದ್ದಾಳೆ. ಟ್ರೇಯನ್ನು ಅಮ್ಮನ ಕೈಗೆ ತುರುಕಿ, ಸೂಟ್‌ಕೇಸ್ ಎತ್ತಿಕೊಂಡು, ಅಮ್ಮನಿಗೆ ಬೆನ್ನು ಹಾಕಿ ಅಪ್ಪನ ಎದುರು ನಿಂತಳು.

"ಹೊರಟೆ. ಇಷ್ಟು ವರ್ಷ ಈ ಮನೆಯಲ್ಲಿ ನನ್ನ ದನಿ ಯಾರಿಗೂ ಕೇಳಿಸಲಿಲ್ಲ. ಇನ್ನು ನಾನಿಲ್ಲದಿರುವುದಾದರೂ ಕೇಳಿಸಲಿ."

ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಹೆದರಿಕೆ ಎಲ್ಲಿ ಹೋಯಿತೋ, ಖುಷಿಯೊಂದೇ ಉಳಿದಿತ್ತು. ಬಾಗಿಲು ದಾಟಿದಳು, ಪರದೆ ಬಿತ್ತು. ಒಡತಿಯನ್ನು ಬಿಟ್ಟು ಕೆಲಸದವಳೇ ಮನೆ ತೊರೆದದ್ದನ್ನು ಜನ ಹೊಸ ಮುಕ್ತಾಯ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಪ್ಪ ಬಣ್ಣದ ಕೋಣೆಗೆ ನುಗ್ಗಿದ. "ನಿಂಗೆ ಕೊಟ್ಟಿದ್ದು ಒಂದು ಮಾತು ಕಣೇ, ಒಂದೇ ಒಂದು!"

"ಅದನ್ನ ಅಮ್ಮ ತಗೊಂಡ್ಬಿಟ್ಲಲ್ಲಪ್ಪಾ, ನಾನೇನ್ ಮಾಡ್ಲಿ?"

"ತುಟಿ ಅಲ್ಲಾಡ್ತು ತಾನೇ? ನಾಳೆಯಿಂದ ಸ್ಟೂಲು. ಮುಗೀತು!"

ಹುಡುಗಿಯ ಕಣ್ಣು ತುಂಬಿತು. ಅಷ್ಟರಲ್ಲಿ ಅಮ್ಮ, ಇನ್ನೂ ಟ್ರೇ ಹಿಡಿದುಕೊಂಡೇ, ಇಬ್ಬರ ನಡುವೆ ಬಂದು ನಿಂತಳು.

"ರೀ, ಅವಳು ಹೇಳಿದ್ದು ನಂಗೆ ಕೇಳಿಸ್ತು."

"ತುಟಿ ನೋಡಿರ್ತೀಯ, ಬಿಡು."

"ಎಲ್ಲಿಂದ ನೋಡ್ಲಿ? ನಂಗೆ ಬೆನ್ನು ಹಾಕಿ ನಿಂತಿದ್ಲು. ಆದ್ರೂ ಒಂದಕ್ಷರ ಬಿಡದೆ ಕೇಳಿಸ್ತು ಕಣ್ರೀ."

ಅಪ್ಪ ಮಗಳನ್ನು ನೋಡಿದ. ಹೆಂಡತಿಯ ಕೈಯಲ್ಲಿದ್ದ ಟ್ರೇ ನೋಡಿದ. ಪರದೆಯ ಸಂದಿಯಿಂದ ಕಾಣುತ್ತಿದ್ದ ಸ್ಟೂಲನ್ನೂ, ಅದರ ಮೇಲೆ ಮೀಸೆ ನೀವುತ್ತಾ ಕೂತಿದ್ದ ಭಾವಮೈದುನನನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಬಣ್ಣದ ಪೆಟ್ಟಿಗೆಗೆ ಕೈಹಾಕಿ ರೇಜರ್ ತೆಗೆದ.

ಮಾವ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ.