ಬಿಗ್‌ಫುಟ್ ಸಾಕಿದ ಮರಿ

ಸುಗಂಧಿ ಉಸಿರು ಬಿಗಿಹಿಡಿದು ಬೈನಾಕ್ಯುಲರಿಗೆ ಫೋನನ್ನು ಒತ್ತಿ ಹಿಡಿದು ವಿಡಿಯೊ ತೆಗೆಯತೊಡಗಿದಳು. ಕಣಿವೆಯಾಚೆಯ ಓಕ್ ಮರಗಳ ನಡುವೆ ಅದು ಎರಡು ಕಾಲ ಮೇಲೆ ನಡೆಯುತ್ತಿತ್ತು. ಮೈತುಂಬ ಕಂದು ಕೂದಲು. ಕುತ್ತಿಗೆಯೇ ಇಲ್ಲದಂತೆ ಹೆಗಲಿಗೆ ಅಂಟಿದ ತಲೆ. ಅದರ ಬೆನ್ನಿಗೇ ಒಂದು ಕರಡಿಮರಿ.

ಅದು ಬಗ್ಗಿ ಕಲ್ಲೊಂದನ್ನು ಮಗುಚಿತು. ಮರಿ ಓಡಿಬಂದು ಕಲ್ಲಡಿಯ ಇರುವೆಗಳನ್ನು ನೆಕ್ಕಿತು. ಇನ್ನೊಂದು ಕಲ್ಲಿನ ಬಳಿ ಅದು ಏನೂ ಮಾಡದೆ ಕೂತು ಕಾಯಿತು. ಈ ಸಲ ಮರಿ ತಾನೇ ಮಗುಚಿತು.

ಆಗ ಅದು ತಲೆಯೆತ್ತಿ ನೇರವಾಗಿ ಸುಗಂಧಿಯ ಕಡೆ ನೋಡಿತು. ಕೈಯನ್ನು ಅರ್ಧ ಮೇಲೆತ್ತಿತು. ಏನೋ ನೆನಪಾದಂತೆ ಇಳಿಸಿತು. ಮರಿಯೊಂದಿಗೆ ಮರಗಳ ಮರೆಗೆ ಸರಿದುಹೋಯಿತು.

ಸುಗಂಧಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಒಬ್ಬಳೇ ನಕ್ಕಳು.

ಸಾನ್ ಡಿಯಾಗೊ ನಗರದ ಕರ್ನಿ ಮೆಸಾದಲ್ಲಿ ದಂತ ವೈದ್ಯರೊಬ್ಬರ ಆಫೀಸಿನಲ್ಲಿ ಅವಳಿಗೆ ಕೆಲಸ. ಕೊರೊನಾದ ದಿನಗಳಲ್ಲಿ ಮನೆಯಲ್ಲೇ ಕೂತು ಹತ್ತಿಸಿಕೊಂಡದ್ದು ಬಿಗ್‌ಫುಟ್ ಹುಚ್ಚು, ಅಮೆರಿಕದ ಕಾಡುಗಳಲ್ಲಿ ಇದೆಯೆಂದು ಕೆಲವರು ನಂಬುವ ದೈತ್ಯ ವಾನರಮನುಷ್ಯನ ಹುಚ್ಚು. ಬೇರೆ ಪ್ರಾಣಿಗಳ ಜೊತೆ ಅದು ಹೇಗೆ ಬಾಳುತ್ತದೆ ಎಂಬುದೇ ಅವಳ ಅಚ್ಚುಮೆಚ್ಚಿನ ವಿಷಯ. ಅದು ಹತ್ತಿರ ಸುಳಿದರೆ ನಾಯಿಗಳು ಬಾಯಿ ಮುಚ್ಚುತ್ತವಂತೆ. ತಿಂದು ಬಿಟ್ಟದ್ದರ ಆಸೆಗೆ ಕಯೋಟಿ ಎಂಬ ಕಾಡುನಾಯಿಗಳು ಅದರ ಹಿಂದೆ ಹೋಗುತ್ತವಂತೆ. ತಾಯಿಯಿಲ್ಲದ ಮರಿಗಳನ್ನು ಅದು ಸಾಕುತ್ತದಂತೆ. ಹೋದ ವರ್ಷ ಲಾಸ್ ಏಂಜಲೀಸಿನ ಬಿಗ್‌ಫುಟ್ ಕೂಟದಲ್ಲಿ ಇದನ್ನೆಲ್ಲ ಹೇಳಿದಾಗ ಮುಂದಿನ ಸಾಲಿನ ಗಡ್ಡದವನೊಬ್ಬ, "ಯಾರು ನೋಡಿದ್ದಾರೆ?" ಎಂದು ಕೇಳಿದ್ದ. ಸಭೆಗೆ ಸಭೆಯೇ ನಕ್ಕಿತ್ತು.

ಅವರಿಗಿಂತ ಜೋರಾಗಿ ನಕ್ಕವನು ಗಂಡ ಕೃಷ್ಣರಾಜ.

ಅವನು ಸೊರೆಂಟೊ ವ್ಯಾಲಿಯಲ್ಲಿ ಚಿಪ್ ಎಂಜಿನಿಯರ್. ಈಚೆಗೆ ಶನಿವಾರವೂ ಮನೆಯಲ್ಲಿರುತ್ತಿರಲಿಲ್ಲ. ಕೇಳಿದರೆ, "ರಿಲೀಸ್ ಹತ್ತಿರ ಬಂತು" ಎನ್ನುತ್ತಿದ್ದ. ಸುಗಂಧಿ ಆ ವಿಡಿಯೊ ತೆಗೆದ ದಿನ ಸಂಜೆ ಅವನ ಕಾರು ಬಂದು ನಿಂತಾಗ ಪಕ್ಕದ ಮನೆಯ ಕುಮುದಾಳ ನಾಯಿ ಬೊಗಳಲಿಲ್ಲ. ಅವನನ್ನು ಕಂಡರೆ ಬೇಲಿ ಹಾರುವಂತೆ ಬೊಗಳುತ್ತಿದ್ದ ನಾಯಿ ಬಾಲ ಮುದುರಿ ಗಿಡದ ಹಿಂದೆ ಅವಿತಿತು.

"ನೋಡಿದ್ರಾ? ನಾಯಿ ಉಸಿರೆತ್ತಲಿಲ್ಲ! ನಮ್ಮ ಪೆನಾಸ್ಕಿಟೋಸ್ ಕಣಿವೆಗೂ ಅದು ಬಂದಿರ್ಬೇಕು!" ಎನ್ನುತ್ತ ಸುಗಂಧಿ ಫೋನನ್ನು ಅವನ ಮುಖಕ್ಕೆ ಹಿಡಿದಳು.

ಕೃಷ್ಣರಾಜ ವಿಡಿಯೊ ನೋಡಿದ. ನಗಲಿಲ್ಲ. ಇನ್ನೊಮ್ಮೆ ನೋಡಿದ. ಮುಖ ಸಣ್ಣದಾಯಿತು.

"ಇದನ್ನು ಯಾರಿಗೂ ತೋರಿಸ್ಬೇಡ ಮಾರಾಯ್ತಿ."

"ಅಂದ್ರೆ ಈಗ ನಂಬಿದ್ರಿ!"

"ನಂಬಿದೆ ಅಂತಲೇ ಇಟ್ಕೊ. ನಾಳೆ ಜನ ಕ್ಯಾಮೆರಾ ಹಿಡ್ಕೊಂಡು ಅಲ್ಲಿಗೆ ನುಗ್ತಾರೆ. ಆ ಮರಿಗೆ ಮನುಷ್ಯರ ಸಲಿಗೆ ಆಗ್ಲಿಕ್ಕೆ ಬಿಡ್ಬಾರ್ದು. ಸಲಿಗೆ ಆದ್ರೆ ದೊಡ್ಡದಾದ ಮೇಲೆ ಯಾರದ್ದೋ ಅಡುಗೆಮನೆಗೆ ನುಗ್ತದೆ, ಗುಂಡು ತಿಂತದೆ."

"ಕರಡಿ ವಿಷಯ ನಿಮಗೆ ಎಲ್ಲಿಂದ ಗೊತ್ತು?"

"ಎಲ್ಲೋ ಓದಿದ್ದೆ" ಎಂದವನೇ ಸ್ನಾನಕ್ಕೆ ಹೋಗಿಬಿಟ್ಟ.

ಮುಂದಿನ ತಿಂಗಳು ಸುಗಂಧಿ ಒಬ್ಬಳೇ ಕಾರು ಓಡಿಸಿಕೊಂಡು ಲಾಸ್ ಏಂಜಲೀಸಿನ ಕೂಟಕ್ಕೆ ಹೋದಳು. ವೇದಿಕೆ ಹತ್ತಿದಳು. ಗಡ್ಡದವನು ಈ ಸಲವೂ ಮುಂದಿನ ಸಾಲಿನಲ್ಲೇ ಇದ್ದ. ಪರದೆ ಬೆಳಗುತ್ತಿತ್ತು, ಫೋನ್ ಕೈಯಲ್ಲಿತ್ತು. ಒಂದು ಬೆರಳು ತಾಗಿಸಿದರೆ ಸಾಕು, ಇಡೀ ಸಭೆ ಎದ್ದು ನಿಲ್ಲುತ್ತಿತ್ತು. ಆದರೆ ಅವಳ ಕಣ್ಣಿಗೆ ಕಟ್ಟಿದ್ದು ಆ ಮರಿ, ತನ್ನ ಪುಟ್ಟ ಕೈಯಿಂದ ಕಲ್ಲು ಮಗುಚಿದ ಗಳಿಗೆ.

ಈ ವರ್ಷವೂ ತೋರಿಸುವುದಕ್ಕೆ ಏನೂ ಇಲ್ಲ ಎಂದಳು. ಗಡ್ಡದವನು ನಕ್ಕ. ಸಭೆಯೂ ನಕ್ಕಿತು.

ಪಾರ್ಕಿಂಗಿಗೆ ಬಂದು ವಿಡಿಯೊ ಅಳಿಸಿಹಾಕಿದಳು. ಸಾನ್ ಡಿಯಾಗೊ ಮುಟ್ಟುವವರೆಗೆ ತಾನು ಹಾಡು ಗುನುಗುತ್ತಿದ್ದೇನೆಂಬುದು ಅವಳಿಗೇ ಗೊತ್ತಾಗಲಿಲ್ಲ. ಸುದ್ದಿ ಕೇಳಿದ ಕೃಷ್ಣರಾಜ ನೇರ ಅಡುಗೆಮನೆಗೆ ಹೋಗಿ ಅವಳಿಗೆ ನೀರ್ದೋಸೆ ಹುಯ್ದುಕೊಟ್ಟ.

ವಸಂತ ಬಂತು. ಒಂದು ಶನಿವಾರ ಅವನು ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬಂದ.

"ರಿಲೀಸ್ ಆಯ್ತು" ಎಂದ.

"ಅದಕ್ಕೆ ಅಳ್ಲಿಕ್ಕೆ ಎಂಥ ಉಂಟು?"

"ತಿರುಗಿಯೂ ನೋಡ್ಲಿಲ್ಲ."

"ಚಿಪ್ಪು ತಿರುಗಿ ನೋಡ್ತದಾ?" ಸುಗಂಧಿಗೆ ನಗು ತಡೆಯಲಿಲ್ಲ. ಅವನೂ ಕಣ್ಣೊರೆಸಿಕೊಂಡು ನಕ್ಕ. "ನಾಳೆ ನನ್ನ ಜೊತೆ ಬಾ. ಒಂದು ಕಡೆ ಹೋಗ್ಲಿಕ್ಕುಂಟು."

ಮರುದಿನ ಕಾರು ನಿಂತದ್ದು ಬೆಟ್ಟದ ತಪ್ಪಲಿನ ವನ್ಯಪ್ರಾಣಿ ಆರೈಕೆ ಕೇಂದ್ರವೊಂದರ ಮುಂದೆ. ಸುತ್ತ ಓಕ್ ಮರಗಳು. ಎದುರಿಗೆ ಅವಳು ಬೈನಾಕ್ಯುಲರ್ ಹಿಡಿದು ಕೂತಿದ್ದ ಗುಡ್ಡ. ಕೇಂದ್ರದ ಮರಿಸೋಲ್ ಎಂಬಾಕೆ ನಗುತ್ತ ಒಳಗೆ ಕರೆದಳು. ತಾಯಿ ಸತ್ತ ಕರಡಿಮರಿಯೊಂದು ಇಲ್ಲೇ ಬೆಳೆಯಿತು, ನಿನ್ನೆ ಕಾಡಿಗೆ ಬಿಟ್ಟೆವು ಎಂದಳು. ಅದಕ್ಕೆ ಮನುಷ್ಯರ ಅಭ್ಯಾಸವಾಗಬಾರದಲ್ಲ, ಹಾಗಾಗಿ ಸಾಕಿದವರು ಒಂದು ದಿನವೂ ಮುಖ ತೋರಿಸಲಿಲ್ಲ, ಮಾತಾಡಲಿಲ್ಲ. ಹೊರಗೆ ಸುದ್ದಿ ಹೇಳಲೂ ಅವರಿಗೆ ಅನುಮತಿ ಇರಲಿಲ್ಲ ಎನ್ನುತ್ತ ಗೋಡೆಯ ಕಡೆ ಕೈ ತೋರಿಸಿದಳು.

ಸುಗಂಧಿ ಇಷ್ಟು ದಿನ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಬಿಗ್‌ಫುಟ್ ಕೊಕ್ಕೆಗೆ ಜೋತುಬಿದ್ದಿತ್ತು. ಕರಡಿ ವಾಸನೆ ಹೊಡೆಯುವ ಕಂದು ತುಪ್ಪಳದ ಒಂದು ಉದ್ದ ಕೋಟು, ಒಂದು ಮುಖವಾಡ.

ಗಂಡ ಈಗ ಹೊಟ್ಟೆ ಹಿಡಿದು ನಗುತ್ತಾನೆಂದು ಅವಳು ಅವನ ಕಡೆ ತಿರುಗಿದಳು. ಕೃಷ್ಣರಾಜ ನಗುತ್ತಿರಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನೆಲ ನೋಡುತ್ತಿದ್ದ.

"ಗುಡ್ಡದ ಮೇಲೆ ನಿನ್ನ ಕೆಂಪು ಟೋಪಿ ಕಂಡ ಕೂಡ್ಲೇ ಗುರುತು ಸಿಕ್ಕಿತ್ತು. ಬೀಸುವ ಅಂತ ಕೈ ಎತ್ತಿದ್ದೆ, ಆದ್ರೆ ಮರಿ ನೋಡ್ತಾ ಇತ್ತಲ್ಲ ಮಾರಾಯ್ತಿ!"