ಮಗ್ಗದ ಮನೆಯ ಕೈಮಾತು

ಅಕ್ಷತಾ ಚಹಾದ ಟ್ರೇ ಹಿಡಿದು ಬಂದ ಕೂಡಲೇ, ಅಣ್ಣನಿಗೆ ಹೆಣ್ಣು ನೋಡಲು ಬಂದಿದ್ದ ವೈಶಾಲಿ ತನ್ನ ಅವ್ವನ ಕಡೆ ತಿರುಗಿ, ಎರಡು ಬೆರಳನ್ನು ತುಟಿಯ ಮುಂದೆ ಬಾಗಿಸಿದಳು. ಹುಡುಗಿಯ ಹಲ್ಲು ಮುಂದಿವೆ. ಅವ್ವ ರತ್ನಾಬಾಯಿ ಮುಂಗೈ ತೀಡಿಕೊಂಡಳು. ಬಣ್ಣವೂ ಅಷ್ಟಕ್ಕಷ್ಟೇ. ಬನಹಟ್ಟಿಯ ಅವರ ಮನೆಯಲ್ಲಿ ಪವರ್‌ಲೂಮಿನ ಸದ್ದಿಗೆ ಮಾತು ಕೇಳಿಸದೆ ಎಲ್ಲರೂ ಕೈಯಲ್ಲೇ ಮಾತಾಡುವವರು. ಬೀಳಗಿಯ ಈ ಕಿರಾಣಿ ಅಂಗಡಿಯವರಿಗೆ ಅದೆಲ್ಲಿ ತಿಳಿಯಬೇಕು ಎಂಬ ಧೈರ್ಯ ಇಬ್ಬರಿಗೂ ಇತ್ತು.

"ಚಹಾ ತಗೋರಿ, ಆರಾಕತ್ತೈತಿ," ಎಂದಳು ಹುಡುಗಿಯ ತಾಯಿ ಬನಶಂಕರಿ.

"ತಗೋತೀವ್ರಿ. ಮಗಳು ಭಾಳ ಛಲೋ ಅದಾಳ್ರಿ ನಿಮ್ಮಾಕಿ," ಎಂದಳು ರತ್ನಾಬಾಯಿ.

ವೈಶಾಲಿಗೆ ನಗು ತಡೆಯಲಾಗಲಿಲ್ಲ. 'ಲಗ್ನಾದ್ರ ಅಕೀನ್ನ' ಎಂದು ಹಟ ಹಿಡಿದು ಇಲ್ಲಿಗೆ ಕರೆತಂದಿದ್ದ ಅಣ್ಣ ಸಂಜಯ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ. ಅವನತ್ತ ಕಣ್ಣು ಹೊರಳಿಸಿ, ತನ್ನ ಕಣ್ಣಿಗೆ ಅಂಗೈ ಮುಚ್ಚಿಕೊಂಡಳು. ಇವ ಕುರುಡ.

ಬನಶಂಕರಿ ಮಗಳ ಕೈಯಿಂದ ಟ್ರೇ ಇಸಿದುಕೊಂಡು ಕೆಳಗಿಟ್ಟಳು. ವೈಶಾಲಿಯನ್ನೇ ನೋಡುತ್ತ ಎರಡೂ ಕೈಯ ಬೆರಳ ತುದಿಗಳನ್ನು ಜೋಡಿಸಿ, ಫಟ್ಟನೆ ಬೇರೆ ಮಾಡಿ, ಅಂಗೈಯನ್ನು ಕೆಳಗೆ ಒತ್ತಿದಳು. ಎಳೆ ಹರಿಯಿತು, ಮಗ್ಗ ನಿಲ್ಲಿಸು. ಬನಶಂಕರಿಯ ತವರು ಬನಹಟ್ಟಿಯ ಪಕ್ಕದ ಮಗ್ಗದೂರು ರಬಕವಿ ಎಂದು ಸಂಜಯ ಮೊದಲೇ ಹೇಳಿದ್ದ. ರತ್ನಾಬಾಯಿ, ವೈಶಾಲಿ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ವೈಶಾಲಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಸಂಜಯ ತಲೆ ಎತ್ತಿದ್ದ. ಬನಶಂಕರಿಯ ಕೈಯನ್ನು ನೋಡಿದ ಅವನ ಕಣ್ಣು, ಅದು ಯಾರಿಗೆ ಕೊಟ್ಟ ಉತ್ತರವೆಂದು ಹುಡುಕುತ್ತ ತಂಗಿಯ ಸೆರಗಿನ ಮೇಲೆ ಬಂದು ನಿಂತಿತು.