ಗಟ್ಟಿಮೇಳಕ್ಕೆ ಉಳಿಸಿದ ಸದ್ದು

ಮನೆಗಿಷ್ಟೇ ಸದ್ದು ಎಂದು ಪುರಸಭೆ ಪ್ರತಿ ಬಾಗಿಲಿಗೂ ಮೀಟರು ಬಡಿದ ಮೇಲೆ, ಮಗಳ ಮದುವೆಗೆಂದು ತುಂಗಮ್ಮ ವರ್ಷವಿಡೀ ಸದ್ದು ಉಳಿಸಿದ್ದಳು. ಮಿಕ್ಸಿ ಅಟ್ಟ ಸೇರಿತ್ತು. ಮನೆಯವರೆಲ್ಲ ಪಿಸುಮಾತಿನಲ್ಲೇ ಜಗಳವಾಡಲು ಕಲಿತಿದ್ದರು. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರದೋ ಸೀನು, ಯಾರದೋ ಅಪಶಕುನದ ಮಾತು ಮಗಳ ಕಿವಿಗೆ ಬೀಳಬಾರದು, ಗಟ್ಟಿಮೇಳ ಮೊಳಗಲೇಬೇಕು ಎಂಬುದು ಅವಳ ಹಟ.

ಮುಹೂರ್ತಕ್ಕೆ ಮೂರು ನಿಮಿಷವಿದ್ದಾಗ ಪುರಸಭೆಯ ಸದ್ದಿನ ಇನ್ಸ್‌ಪೆಕ್ಟರ್ ಮೀಟರು ನೋಡಿ ತಲೆಯಾಡಿಸಿದ. "ಡೋಲಿಗೆ ಸಾಲಲ್ಲ ಕಣಮ್ಮ. ನಿನ್ನೆ ನಿಮ್ಮ ಬೀಗರು ಹೋಳಿಗೆಗೆ ತುಪ್ಪ ಕಮ್ಮಿ ಅಂತ ಕೂಗಾಡಿದ್ರಲ್ಲ, ಅರ್ಧಕ್ಕರ್ಧ ಅಲ್ಲೇ ಹೋಯ್ತು."

ಬೀಗರು ತಲೆ ತಗ್ಗಿಸಿದರು. ಡೋಲಿನವನು ಕೋಲು ಕೆಳಗಿಟ್ಟ.

"ಮುಂದೆ ನಾನಾಡೋ ಮಾತಿನ ಸದ್ದನ್ನೆಲ್ಲ ಈಗ್ಲೇ ಹಿಡ್ಕಂಡು ಡೋಲಿಗೆ ಕೊಡಿ," ಎಂದಳು ತುಂಗಮ್ಮ.

"ಹಂಗಾದ್ರೆ ಎರಡು ವರ್ಷ ಬಾಯೇ ತೆಗೆಯಂಗಿಲ್ಲ," ಎಂದ ಇನ್ಸ್‌ಪೆಕ್ಟರ್. " ಮೊಮ್ಮಗು ಹುಟ್ಟಿದ್ರೂ ಜೋಗುಳ ಹಾಡಂಗಿಲ್ಲ."

"ಹೆಬ್ಬೆಟ್ಟು ಎಲ್ಲಿ ಒತ್ಲಿ?"

ಒತ್ತಿದಳು. ಮೀಟರಿನಲ್ಲಿ ಹಸಿರು ದೀಪ ಹತ್ತಿತು. ಪುರೋಹಿತರು ಡೋಲಿನವನಿಗೆ ಎಂದಿನಂತೆ ಕೈಸನ್ನೆ ಮಾಡಲು ಹೊರಟರು. ತುಂಗಮ್ಮ ಅವರ ಕೈ ತಡೆದು, ಎರಡು ವರ್ಷದ ಮಟ್ಟಿಗೆ ತನ್ನ ಕೊನೆಯ ಮಾತನ್ನು ಗಂಟಲು ಹರಿಯುವಂತೆ ಕೂಗಿದಳು:

"ಗಟ್ಟಿಮೇಳ! ಗಟ್ಟಿಮೇಳ!"